ಮರುಭೂಮಿಯ ಮೂಳೆಗಳಲ್ಲಿ ಬದುಕು ಕಂಡ ಜಾರ್ಜಿಯಾ ಓಕೀಫ್

ಬಿಸಿಲಿಗೆ ಬೆಳ್ಳಗಾದ ಹಸುವಿನ ತಲೆಬುರುಡೆಯನ್ನು ಕಂಡೊಡನೆ ಯಾರಿಗೇ ಆಗಲಿ ನೆನಪಾಗುವುದು ಸಾವು. ಆದರೆ ಅಮೆರಿಕದ ಹೆಸರಾಂತ ಕಲಾವಿದೆ ಜಾರ್ಜಿಯಾ ಓಕೀಫ್ (1887–1986) ಅದರಲ್ಲಿ ಕಂಡದ್ದು ಬದುಕನ್ನು. ಮರುಭೂಮಿಯಲ್ಲಿ ಓಡಾಡುವ ಪ್ರಾಣಿಗಳಿಗಿಂತ ಅಲ್ಲಿ ಬಿದ್ದಿರುವ ಮೂಳೆಗಳೇ ಹೆಚ್ಚು ಜೀವಂತವೆಂಬುದು ಅವರ ನಂಬಿಕೆಯಾಗಿತ್ತು.

ವಿಸ್ಕಾನ್ಸಿನ್ ರಾಜ್ಯದ ಸನ್ ಪ್ರೈರಿ ಬಳಿಯ ರೈತ ಕುಟುಂಬದಲ್ಲಿ ಜನಿಸಿದ ಓಕೀಫ್ ಅವರ ಇದ್ದಿಲು ಚಿತ್ರಗಳನ್ನು ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1916ರಲ್ಲಿ ನ್ಯೂಯಾರ್ಕ್‌ನ ತಮ್ಮ ಗ್ಯಾಲರಿಯಲ್ಲಿ ಪ್ರದರ್ಶಿಸಿದರು. 1924ರಲ್ಲಿ ಇಬ್ಬರೂ ವಿವಾಹವಾದರು. ಹೂವೊಂದನ್ನೇ ಇಡೀ ಕ್ಯಾನ್ವಾಸ್ ತುಂಬುವಷ್ಟು ಹಿಗ್ಗಿಸಿ ಬರೆದ ಚಿತ್ರಗಳು ಅವರಿಗೆ ಖ್ಯಾತಿ ತಂದವು.

ಪೀಪಾಯಿ ತುಂಬ ಮೂಳೆ

1929ರ ಬೇಸಿಗೆಯನ್ನು ಓಕೀಫ್ ನ್ಯೂಮೆಕ್ಸಿಕೊದ ಟಾವೋಸ್‌ನಲ್ಲಿ ಕಳೆದರು. ಆ ಬರಡು ನೆಲ ಅವರನ್ನು ಮತ್ತೆ ಮತ್ತೆ ಕರೆಯಿತು. ಬರಗಾಲಕ್ಕೆ ಸಿಕ್ಕಿ ಸತ್ತ ಜಾನುವಾರುಗಳ ಮೂಳೆಗಳು ಅಲ್ಲಿ ಎಲ್ಲೆಡೆ ಚೆಲ್ಲಿದ್ದವು. ತವರಿಗೆ ಮರಳುವವರು ಹೂ, ಹಣ್ಣು ಒಯ್ಯುವಂತೆ ಅವರು 1930ರಲ್ಲಿ ಪೀಪಾಯಿ ತುಂಬ ಮೂಳೆಗಳನ್ನು ನ್ಯೂಯಾರ್ಕ್ ಕಡೆಗೆ ಸಾಗಿಸಿದರು. ಮರುಭೂಮಿಯಿಂದ ತಮ್ಮೊಡನೆ ಒಯ್ಯಬಹುದಾದದ್ದು ಅವರಿಗೆ ಅದೊಂದೇ ಆಗಿತ್ತು.

ಈ ಮೂಳೆಗಳಿಂದಲೇ 1931ರಲ್ಲಿ 'ಹಸುವಿನ ತಲೆಬುರುಡೆ: ಕೆಂಪು, ಬಿಳಿ ಮತ್ತು ನೀಲಿ' ಎಂಬ ಪ್ರಸಿದ್ಧ ತೈಲವರ್ಣ ಚಿತ್ರ ಮೂಡಿತು. ಅಮೆರಿಕದ ಧ್ವಜದ ಮೂರು ಬಣ್ಣಗಳ ನಡುವೆ ಬುರುಡೆಯನ್ನಿಟ್ಟ ಅವರು, ಅಮೆರಿಕದ ಮಹಾನ್ ಚಿತ್ರದ ಬಗ್ಗೆ ನಗರದಲ್ಲೇ ಕುಳಿತು ಮಾತನಾಡುತ್ತಿದ್ದವರಿಗೆ ತುಸು ಹಾಸ್ಯದಲ್ಲೇ ಉತ್ತರ ನೀಡಿದ್ದರು. ಅದೇ ವರ್ಷದ ಮತ್ತೊಂದು ಚಿತ್ರದಲ್ಲಿ ಬುರುಡೆಯ ಜೊತೆಗಿರುವುದು ಬಟ್ಟೆಯ ಗುಲಾಬಿಗಳು. ನ್ಯೂಮೆಕ್ಸಿಕೊದಲ್ಲಿ ಸಮಾಧಿಗಳನ್ನು ಅಲಂಕರಿಸಲು ಇಂತಹ ಹೂಗಳನ್ನು ಬಳಸುತ್ತಿದ್ದರು. ಹೀಗಾಗಿ ವಿಮರ್ಶಕರು ಈ ಚಿತ್ರಗಳಲ್ಲಿ ಸಾವಿನ ಸಂಕೇತವನ್ನು ಹುಡುಕಿದ್ದು ಸಹಜವೇ. ಓಕೀಫ್ ಮಾತ್ರ ಅದನ್ನು ಒಪ್ಪಲಿಲ್ಲ.

ಎಲುಬಿನ ಕಿಂಡಿಯಲ್ಲಿ ಆಕಾಶ

1940ರಲ್ಲಿ ಅವರು ಘೋಸ್ಟ್ ರಾಂಚ್ ಎಂಬಲ್ಲಿ ಮನೆ ಕೊಂಡರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1943ರಲ್ಲಿ ಪ್ರಾಣಿಗಳ ಸೊಂಟದ ಎಲುಬನ್ನು ಚಿತ್ರಿಸತೊಡಗಿದರು. ಎಲುಬನ್ನು ಎತ್ತಿ ಹಿಡಿದು ಅದರ ರಂಧ್ರದೊಳಗಿಂದ ಆಕಾಶವನ್ನು ನೋಡುವುದೇ ಈ ಮಾಲಿಕೆಯ ಮೂಲ. ಅವರ ಗಮನವಿದ್ದದ್ದು ಎಲುಬಿಗಿಂತ ಹೆಚ್ಚಾಗಿ ಆ ರಂಧ್ರದ ಮೇಲೆ. ಮನುಷ್ಯನ ವಿನಾಶವೆಲ್ಲ ಮುಗಿದ ಬಳಿಕವೂ ಅಲ್ಲಿ ಕಾಣುವ ನೀಲಿ ಹಾಗೆಯೇ ಉಳಿಯುತ್ತದೆ ಎಂದು 1944ರಲ್ಲಿ ಅವರು ಬರೆದರು. ಯುದ್ಧದ ದಿನಗಳಲ್ಲಿ ಈ ಮಾತಿಗಿದ್ದ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಟೀಗ್ಲಿಟ್ಸ್ 1946ರಲ್ಲಿ ನಿಧನರಾದರು. 1949ರಲ್ಲಿ ಓಕೀಫ್ ನ್ಯೂಮೆಕ್ಸಿಕೊದಲ್ಲೇ ಶಾಶ್ವತವಾಗಿ ನೆಲೆಸಿದರು. ಅಬಿಕ್ಯೂ ಗ್ರಾಮದ ಅವರ ಮಣ್ಣಿನ ಮನೆಯಲ್ಲಿ ಮೂಳೆಗಳ ಜೊತೆಗೆ ನುಣುಪಾದ ಕಲ್ಲುಗಳೂ ಸೇರಿಕೊಂಡವು.

ಮಂದವಾದ ಕಣ್ಣು

1970ರ ದಶಕದ ಆರಂಭದಲ್ಲಿ ಅಕ್ಷಿಪಟಲದ ಕಾಯಿಲೆಯಿಂದ ಅವರ ದೃಷ್ಟಿಯ ನಡುಭಾಗವೇ ಮಸುಕಾಯಿತು. ನೋಡುವುದನ್ನೇ ಬದುಕಾಗಿಸಿಕೊಂಡಿದ್ದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ. ಆ ಹೊತ್ತಿನಲ್ಲಿ ಅವರು ಬರೆದ ಕಪ್ಪುಕಲ್ಲಿನ ಚಿತ್ರಗಳಲ್ಲಿ ಸಣ್ಣ ಕಲ್ಲು ಆಕಾಶದ ಎದುರು ಬೆಟ್ಟದಂತೆ ನಿಂತಿದೆ. ಇತರರ ನೆರವಿಲ್ಲದೆ ತೈಲವರ್ಣದಲ್ಲಿ ಚಿತ್ರಿಸುವುದು 1972ಕ್ಕೆ ಕೊನೆಗೊಂಡರೂ ಅವರು ಕೈಕಟ್ಟಿ ಕೂರಲಿಲ್ಲ. ಸಹಾಯಕರ ನೆರವಿನಿಂದ ಜಲವರ್ಣ ಹಾಗೂ ಜೇಡಿಮಣ್ಣಿನ ಕೆಲಸ ಮುಂದುವರಿಸಿದರು.

1986ರ ಮಾರ್ಚ್ 6ರಂದು, 98ನೇ ವಯಸ್ಸಿನಲ್ಲಿ, ಸಾಂಟಾ ಫೆ ನಗರದಲ್ಲಿ ಓಕೀಫ್ ಕೊನೆಯುಸಿರೆಳೆದರು. ಘೋಸ್ಟ್ ರಾಂಚ್‌ನಿಂದ ಕಾಣುವ, ಅವರು ಹಲವು ಬಾರಿ ಚಿತ್ರಿಸಿದ್ದ ಪೆಡರ್ನಾಲ್ ಬೆಟ್ಟದ ನೆತ್ತಿಯಲ್ಲಿ ಅವರ ಚಿತಾಭಸ್ಮವನ್ನು ಚೆಲ್ಲಲಾಯಿತು. 1997ರಲ್ಲಿ ಸಾಂಟಾ ಫೆಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಆರಂಭವಾಯಿತು. ಅವರು ಆಯ್ದು ತಂದ ಕಲ್ಲುಗಳನ್ನು ಅಬಿಕ್ಯೂ ಮನೆಗೆ ಹೋದವರು ಇಂದಿಗೂ ಕಾಣಬಹುದು.