ಏಕಾತ್ಮಕ ರಾಜ್ಯದೊಳಗಿನ ಸ್ವಾಯತ್ತತೆ: ಓಲಾಂಡ್ ಮತ್ತು ಉತ್ತರ ಐರ್ಲೆಂಡ್

ಒಕ್ಕೂಟ ವ್ಯವಸ್ಥೆಯಲ್ಲಿ ಅಧಿಕಾರವನ್ನು ಹಂಚುವುದು ಸಂವಿಧಾನ. ಏಕಾತ್ಮಕ ರಾಜ್ಯದಲ್ಲಿ ಶಾಸನಾಧಿಕಾರದ ಮೂಲ ಒಂದೇ. ಪ್ರಾಂತವೊಂದರ ಸ್ವಾಡಳಿತ ಕೇಂದ್ರ ಸಂಸತ್ತು ಇತ್ತ ಕೊಡುಗೆ. ಇತ್ತವರೇ ಅದನ್ನು ಹಿಂದಕ್ಕೆ ಪಡೆಯಬಹುದೇ? 1920ರ ಎರಡು ಕಾಯ್ದೆಗಳು ಈ ಪ್ರಶ್ನೆಗೆ ಭಿನ್ನ ಉತ್ತರಗಳನ್ನು ನೀಡಿವೆ.

ಮೊದಲನೆಯದು ಫಿನ್ಲೆಂಡಿನದು. ಸ್ವೀಡನ್ ಮತ್ತು ಫಿನ್ಲೆಂಡ್‌ಗಳ ನಡುವಣ ಕಡಲಿನಲ್ಲಿರುವ ಓಲಾಂಡ್ ದ್ವೀಪಸಮೂಹದ ಜನರ ನುಡಿ ಸ್ವೀಡಿಷ್. 1809ರಲ್ಲಿ ಫಿನ್ಲೆಂಡಿನೊಡನೆ ರಷ್ಯಾದ ವಶವಾಗಿದ್ದ ಈ ದ್ವೀಪಗಳ ಜನ, 1917ರಲ್ಲಿ ಫಿನ್ಲೆಂಡ್ ಸ್ವತಂತ್ರವಾಗುವ ವೇಳೆಗೆ, ಮರಳಿ ಸ್ವೀಡನ್ನನ್ನು ಸೇರಲು ಹಂಬಲಿಸಿದರು. ಫಿನ್ಲೆಂಡ್ 1920ರಲ್ಲಿ ಸ್ವಾಯತ್ತತೆಯ ಕಾಯ್ದೆಯನ್ನು ರಚಿಸಿತಾದರೂ ದ್ವೀಪವಾಸಿಗಳು ಅದನ್ನು ಒಪ್ಪಲಿಲ್ಲ. ಅವರ ಮುಂದಾಳುಗಳಾದ ಯೂಲಿಯುಸ್ ಸುಂಡ್‌ಬ್ಲೂಮ್ ಮತ್ತು ಕಾರ್ಲ್ ಬ್ಯೋರ್ಕ್‌ಮನ್ ದೇಶದ್ರೋಹದ ಆರೋಪದ ಮೇಲೆ ಬಂಧಿತರಾದರು. ವಿವಾದವು ರಾಷ್ಟ್ರಸಂಘದ ಮುಂದೆ ಬಂದಿತು. 1921ರ ಜೂನ್‌ನಲ್ಲಿ ಸಂಘದ ಮಂಡಳಿಯು ಪರಮಾಧಿಕಾರವನ್ನು ಫಿನ್ಲೆಂಡಿಗೇ ಉಳಿಸಿ, ದ್ವೀಪಗಳ ಭಾಷೆ ಮತ್ತು ಭೂಮಿಗೆ ರಕ್ಷಣೆ ಇರತಕ್ಕದ್ದೆಂದು ವಿಧಿಸಿತು. 1922ರಲ್ಲಿ ಓಲಾಂಡಿನ ಶಾಸನಸಭೆ ಮೊದಲ ಸಲ ಸೇರಿದಾಗ ಅದರ ಅಧ್ಯಕ್ಷರಾದವರು ಅದೇ ಸುಂಡ್‌ಬ್ಲೂಮ್; ಆಡಳಿತದ ಹೊಣೆ ಹೊತ್ತವರು ಅದೇ ಬ್ಯೋರ್ಕ್‌ಮನ್.

1951ರಲ್ಲಿಯೂ 1991ರಲ್ಲಿಯೂ ಈ ಕಾಯ್ದೆ ಹೊಸ ರೂಪ ಪಡೆಯಿತು. ಇಂದಿನ ಕಾಯ್ದೆಯಂತೆ, ಅದನ್ನು ತಿದ್ದಬೇಕಾದರೆ ಫಿನ್ಲೆಂಡಿನ ಸಂಸತ್ತು ಸಂವಿಧಾನ ತಿದ್ದುಪಡಿಯ ಕ್ರಮವನ್ನೇ ಅನುಸರಿಸಬೇಕು; ಓಲಾಂಡಿನ ಶಾಸನಸಭೆಯೂ ಮೂರನೆಯ ಎರಡರಷ್ಟು ಬಹುಮತದಿಂದ ಸಮ್ಮತಿಸಬೇಕು. ದ್ವೀಪದ ಕಾನೂನನ್ನು ರಾಷ್ಟ್ರಾಧ್ಯಕ್ಷರು ರದ್ದುಗೊಳಿಸಬಹುದಾದರೂ ಅದಕ್ಕೆ ಕಾರಣಗಳು ಎರಡೇ: ಅಧಿಕಾರವ್ಯಾಪ್ತಿಯ ಉಲ್ಲಂಘನೆ, ಇಲ್ಲವೇ ರಾಷ್ಟ್ರದ ಭದ್ರತೆ. ಹೀಗೆ ಒಕ್ಕೂಟವಾಗದೆಯೇ ಫಿನ್ಲೆಂಡ್ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು.

ಎರಡನೆಯದು ಬ್ರಿಟನ್ನಿನ ಐರ್ಲೆಂಡ್ ಸರ್ಕಾರ ಕಾಯ್ದೆ. ಅದರಂತೆ ಉತ್ತರ ಐರ್ಲೆಂಡಿಗೆ ತನ್ನದೇ ಸಂಸತ್ತು, ಮಂತ್ರಿಮಂಡಲಗಳು ದೊರೆತವು. ಆದರೆ ಬ್ರಿಟಿಷ್ ಸಂಸತ್ತಿನ ಪರಮಾಧಿಕಾರಕ್ಕೆ ಯಾವ ಕುಂದೂ ಇಲ್ಲವೆಂದು 75ನೆಯ ಪ್ರಕರಣ ಸ್ಪಷ್ಟಪಡಿಸಿತ್ತು. ಅರ್ಧ ಶತಮಾನದ ತರುವಾಯ, 1972ರ ಮಾರ್ಚ್‌ನಲ್ಲಿ, ಲಂಡನ್ ಆ ಸಂಸತ್ತನ್ನು ಅಮಾನತಿನಲ್ಲಿಟ್ಟಿತು. 1973ರಲ್ಲಿ ಅದನ್ನು ರದ್ದುಗೊಳಿಸಿತು. ಇದಕ್ಕೆ ಪ್ರಾಂತದ ಸಮ್ಮತಿ ಬೇಕಿರಲಿಲ್ಲ.

ಎರಡನ್ನೂ ಕೇವಲ ಗುಣ-ದೋಷಗಳ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಉತ್ತರ ಐರ್ಲೆಂಡಿನ ಸಂಸತ್ತು ಒಂದೇ ಪಕ್ಷದ ಹಿಡಿತದಲ್ಲಿದ್ದು, ಅಲ್ಪಸಂಖ್ಯಾತ ಕ್ಯಾಥೊಲಿಕರ ವಿಶ್ವಾಸವನ್ನು ಗಳಿಸಿರಲಿಲ್ಲ. ಹಿಂಸೆ ಭುಗಿಲೆದ್ದಾಗ ಕೇಂದ್ರದ ಹಸ್ತಕ್ಷೇಪವು ಆ ಜನರಲ್ಲಿ ಹಲವರಿಗೆ ಬಿಡುಗಡೆಯಾಗಿಯೇ ಕಂಡಿತು. ಓಲಾಂಡಿನಲ್ಲಿಯೂ ಪ್ರಾದೇಶಿಕ ಪೌರತ್ವವಿಲ್ಲದವರಿಗೆ ಮತದಾನ, ಭೂಮಿಯ ಒಡೆತನಗಳಲ್ಲಿ ನಿರ್ಬಂಧಗಳುಂಟು. ಸ್ವಾಯತ್ತತೆಯನ್ನು ಅಚಲಗೊಳಿಸುವಾಗ ಅದರೊಳಗಿನ ಅಲ್ಪಸಂಖ್ಯಾತರ ರಕ್ಷಣೆ ಯಾರ ಹೊಣೆ ಎಂಬುದನ್ನೂ ಕಾಯ್ದೆಯೇ ಹೇಳಬೇಕಾಗುತ್ತದೆ. ಆದ್ದರಿಂದ ಸ್ವಾಯತ್ತ ಪ್ರದೇಶದ ಕಾಯ್ದೆಯನ್ನು ಅಭ್ಯಸಿಸುವವರು ಅದು ಕೊಟ್ಟ ಅಧಿಕಾರಗಳ ಪಟ್ಟಿಗಿಂತ ಮೊದಲು ಅದರ ತಿದ್ದುಪಡಿಯ ಪ್ರಕರಣವನ್ನು ಓದುವುದು ಲೇಸು.