ಈ ಸಲ ತಿಥಿ ಯಾವಾಗ ಬಂತು?

ಮೈಸೂರು–ಮಂಡ್ಯದ ಕಡೆ ‘ತಿಥಿ’ ಎಂದರೆ ಮೊದಲು ನೆನಪಾಗುವುದು ಸಾವಿನ ಮನೆ. ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ ಸಿನಿಮಾ 2016ರಲ್ಲಿ ತೆರೆಕಂಡಾಗ ಹೆಸರಿನ ಅರ್ಥ ಯಾರೂ ಕೇಳಲಿಲ್ಲ; ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೆಯ ದಿನ ಊರಿಗೆಲ್ಲ ಊಟ ಹಾಕಬೇಕು, ಅಷ್ಟೇ. ಜಗಳದಲ್ಲಿ ‘ನಿನ್ನ ತಿಥಿ ಮಾಡ್ತೀನಿ’ ಅಂದರೂ ಮಾತು ಸ್ಪಷ್ಟ.

ಕಾರವಾರ–ಅಂಕೋಲೆಯಲ್ಲೂ ಶ್ರಾದ್ಧಕ್ಕೆ ತಿಥಿ ಎನ್ನುವುದುಂಟು. ಆದರೆ ಇಲ್ಲಿ ಪದದ ವ್ಯವಹಾರ ಅಲ್ಲಿಗೇ ನಿಂತಿಲ್ಲ. ಗಣೇಶನ ಹಬ್ಬ ಇಲ್ಲಿ ಬರೀ ‘ಚೌತಿ’. ಮಳೆಗಾಲದ ಆರ್ಭಟ ತಗ್ಗಿ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವುದು ಶ್ರಾವಣದ ಹುಣ್ಣಿಮೆಗೆ. ಸುಗ್ಗಿ ಕುಣಿತದ ತುರಾಯಿಗಳು ಹೊರಬರುವುದು ಹೋಳಿ ಹುಣ್ಣಿಮೆಯ ಹೊತ್ತಿಗೆ. ಪಾಡ್ಯ, ಬಿದಿಗೆ, ತದಿಗೆ ಎಂದು ಎಣಿಸುತ್ತ ಹೋದರೆ ವರ್ಷದ ಅರ್ಧ ಹಬ್ಬಗಳಿಗೆ ತಿಥಿಯೇ ಹೆಸರು. ‘ಈ ಸಲ ಚೌತಿ ಯಾವಾಗ ಬಂತು?’ ಎಂದು ಪ್ರತಿವರ್ಷ ಕೇಳಲೇಬೇಕು, ಏಕೆಂದರೆ ತಾರೀಕು ಹೇಳಿದ ಮಾತು ಕೇಳುತ್ತದೆ, ತಿಥಿ ಕೇಳುವುದಿಲ್ಲ.

ಕೇಳದಿರಲು ಕಾರಣ ಸರಳ: ತಿಥಿ ಎಂದರೆ ದಿನವಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಹೊತ್ತು. ಸುತ್ತಿಗೆ 360 ಡಿಗ್ರಿ, ಹಾಗಾಗಿ ತಿಂಗಳಿಗೆ 30 ತಿಥಿ. ಆದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಭೂಮಿಗೆ ಹತ್ತಿರ ಬಂದಾಗ ಚಂದ್ರ ಬಿರುಸಾಗಿ ಓಡುತ್ತಾನೆ, ದೂರ ಹೋದಾಗ ನಿಧಾನ ಮಾಡುತ್ತಾನೆ. ಸೂರ್ಯೋದಯದಲ್ಲಿ ಯಾವ ತಿಥಿ ಇತ್ತೋ ಅದೇ ಆ ದಿನದ ಹೆಸರು ಎಂಬುದು ಪಂಚಾಂಗದ ರೂಢಿ. ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿದ ತಿಥಿಗೆ ದಿನವೇ ಸಿಗದು, ಅದು ಕ್ಷಯ. ಎರಡು ಸೂರ್ಯೋದಯ ಕಂಡದ್ದು ವೃದ್ಧಿ. ಸಾಲದ್ದಕ್ಕೆ ಎಲ್ಲಕ್ಕೂ ಸೂರ್ಯೋದಯದ ಲೆಕ್ಕ ನಡೆಯುವುದಿಲ್ಲ: ಚೌತಿಗೆ ಮಧ್ಯಾಹ್ನದಲ್ಲಿ ತಿಥಿ ಇರಬೇಕು, ಕೃಷ್ಣಾಷ್ಟಮಿಗೆ ನಡುರಾತ್ರಿ, ಶ್ರಾದ್ಧಕ್ಕೆ ಅಪರಾಹ್ನ. ಮನೆಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನ, ಪುರೋಹಿತರ ಬಾಯಲ್ಲಿ ಅದರ ಹಿಂದಿನ ದಿನ ಬರುವುದು ಹೀಗೆ.

ಇಷ್ಟನ್ನು ದಿನಕ್ಕೊಂದರಂತೆ ಗುಣಿಸಿ ಭಾಗಿಸಿ ಕೂರುವುದು ಸುಲಭವಲ್ಲ. ಆ ಹೊರೆ ಇಳಿಸಿದವರಲ್ಲಿ ದೊಡ್ಡ ಹೆಸರು ಗಣೇಶ ದೈವಜ್ಞ, ಇದೇ ಕೊಂಕಣ ತೀರದ ಉತ್ತರಕ್ಕಿರುವ ನಂದಿಗ್ರಾಮದವನು. 1520ರ ‘ಗ್ರಹಲಾಘವ’ದಲ್ಲಿ ಅವನು ಜ್ಯಾ-ಚಾಪಗಳ, ಅಂದರೆ ತ್ರಿಕೋನಮಿತಿಯ ಗೊಡವೆಯನ್ನೇ ಬಿಟ್ಟ. ಕಾಲವನ್ನು ಹನ್ನೊಂದು ವರ್ಷಗಳ, 4016 ದಿನಗಳ ಚಕ್ರಗಳಾಗಿ ಕತ್ತರಿಸಿ, ದೊಡ್ಡ ದೊಡ್ಡ ಸಂಖ್ಯೆಗಳನ್ನು ಕೈಗೆಟುಕುವ ಹಾಗೆ ಮಾಡಿದ. ಐದು ವರ್ಷಗಳ ನಂತರ ಬರೆದ ‘ತಿಥಿಚಿಂತಾಮಣಿ’ ಕೋಷ್ಟಕಗಳ ಪುಸ್ತಕ: ವರ್ಷಾರಂಭದ ಕೆಲವು ಅಂಕಿಗಳನ್ನು ಹಿಡಿದು ಕೂಡುತ್ತ, ಕಳೆಯುತ್ತ ಹೋದರೆ ತಿಥಿ ಎಷ್ಟು ಘಳಿಗೆಗೆ ಮುಗಿಯುತ್ತದೆಂದು ಸಿಗುತ್ತದೆ. ಮಹಾರಾಷ್ಟ್ರ, ಗುಜರಾತ್, ಉತ್ತರ ಕರ್ನಾಟಕದ ಪಂಚಾಂಗಕರ್ತರು ಶತಮಾನಗಳ ಕಾಲ ಅವನ ಪುಸ್ತಕಗಳನ್ನು ಬಳಸಿದರು. ಸಂಸ್ಕೃತ ಬಾರದ ಲೆಕ್ಕಿಗರಿಗಾಗಿ ಕನ್ನಡದಲ್ಲೂ ಕೆಲಸ ನಡೆದಿತ್ತು. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ಬರೆದ ‘ಗಣಿತಗನ್ನಡಿ’ ಅಂಥದ್ದು.

ಹಳೆಯ ಲೆಕ್ಕದವರಿಗೆ ಒಂದು ಸೂತ್ರ ಬಾಯಿಪಾಠ: ಬಾಣವೃದ್ಧಿ, ರಸಕ್ಷಯ. ಮನ್ಮಥನ ಬಾಣ ಐದು, ನಾಲಗೆಯ ರಸ ಆರು. ದಿನದ ಅರುವತ್ತು ಘಳಿಗೆಯ ಮೇಲೆ ಐದು ಏರಬಹುದು, ಆರು ಇಳಿಯಬಹುದು; ಅಂದರೆ ತಿಥಿ 65 ಘಳಿಗೆ ಮೀರದು, 54ಕ್ಕಿಂತ ಕೆಳಗಿಳಿಯದು. ದೂರದರ್ಶಕದ ಕಾಲ ಬಂದ ಮೇಲೆ ಇದಕ್ಕೆ ತಕರಾರು ಬಂತು. ಆಕಾಶದಲ್ಲಿರುವ ಚಂದ್ರನ ಲೆಕ್ಕ ಹಿಡಿದರೆ ತಿಥಿ ಇಪ್ಪತ್ತು ಗಂಟೆಯ, ಅಂದರೆ ಐವತ್ತು ಘಳಿಗೆಯ ಆಸುಪಾಸಿಗೂ ಇಳಿಯುತ್ತದೆ. ದೃಗ್ಗಣಿತದವರು ಒಂದು ಕಡೆ, ಸೂತ್ರದವರು ಇನ್ನೊಂದು ಕಡೆ. ಒಂದೇ ಬೀದಿಯಲ್ಲಿ ಎರಡು ಏಕಾದಶಿ ಬರುವುದಕ್ಕೆ ಈ ಜಗಳವೂ ಒಂದು ಕಾರಣ. ಸರ್ಕಾರ ಮೇಘನಾದ ಸಹಾರ ಸಮಿತಿಯ ವರದಿಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಕ್ಯಾಲೆಂಡರ್ ತಂದರೂ, ಉತ್ತರ ಕನ್ನಡದ ಮನೆಗಳು ಬಗ್ಗೋಣ ಪಂಚಾಂಗವನ್ನೋ ಕಾಲನಿರ್ಣಯವನ್ನೋ ಬಿಡಲಿಲ್ಲ.

ಕಡಲ ಬದಿಯಲ್ಲಿ ತಿಥಿಗೆ ಇನ್ನೊಂದು ಉದ್ಯೋಗವಿದೆ. ಭರತದ ಹೊತ್ತು ದಿನಕ್ಕೆ ಸುಮಾರು ಮುಕ್ಕಾಲು ಗಂಟೆ, ಅಂದರೆ ಎರಡು ಘಳಿಗೆ ಹಿಂದೆ ಬೀಳುತ್ತದೆ. ಹಾಗಾಗಿ ಕೊಂಕಣ ಕರಾವಳಿಯಲ್ಲಿ ಒಂದು ಬಾಯಿಲೆಕ್ಕ: ತಿಥಿಯ ಮುಕ್ಕಾಲು ಪಾಲು ಭರತದ ಗಂಟೆ. ಪಂಚಮಿಗೆ ಮೂರೂಮುಕ್ಕಾಲು, ಏಕಾದಶಿಗೆ ಎಂಟೂಕಾಲು. ಊರಿಂದೂರಿಗೆ ಸ್ವಲ್ಪ ಹಿಂದುಮುಂದಾಗುತ್ತದೆ, ಕಾಳಿ ನದಿಯ ಅಳಿವೆಯಲ್ಲಿ ಬಳಚು ಆಯಲು ಇಳಿಯುವವರಿಗೆ ಅಷ್ಟು ಅಂದಾಜು ಸಾಕು. ಹುಣ್ಣಿಮೆ, ಅಮಾವಾಸ್ಯೆಗಳ ಬೆನ್ನಿಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತ ಎರಡೂ ಕಡಿಮೆ.

1870ರ ದಶಕದ ಕೊನೆಗೆ ಕಾರವಾರದಲ್ಲೂ ಭರತ ಅಳೆಯುವ ಉಪಕರಣ ಕೂತಿತು. ಭಾರತದ ಬಂದರುಗಳಿಗೆಂದೇ ಎಡ್ವರ್ಡ್ ರಾಬರ್ಟ್ಸ್ 1879ರಲ್ಲಿ ಲಂಡನ್ನಿನಲ್ಲಿ ಮಾಡಿಸಿದ ಯಂತ್ರ ಮುಂದಿನ ವರ್ಷದ ಭರತ–ಇಳಿತಗಳನ್ನು ಹಲ್ಲುಗಾಲಿ ತಿರುಗಿಸಿ ಗೀಚಿಕೊಡುತ್ತಿತ್ತು. ಅದರಿಂದ ಬಂದ ಕೋಷ್ಟಕದಲ್ಲಿ ಇದ್ದದ್ದು ತಾರೀಕು. ಕಾರವಾರದಾಚೆಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮಾತ್ರ ಈಗಲೂ ಪುಷ್ಯ ಹುಣ್ಣಿಮೆಗೇ ನಡೆಯುತ್ತದೆ. ದಿನ ಯಾವುದೆಂದು ಪಂಚಾಂಗ ಹೇಳುತ್ತದೆ. ದೋಣಿ ಎಷ್ಟು ಹೊತ್ತಿಗೆ ಹೊರಡಬೇಕೆಂಬುದಕ್ಕೆ ಭರತದ ಪಟ್ಟಿ ನೋಡಬೇಕು.