ಟಿಕೇಟು ಇದ್ದವರ ಕಥೆ

ರೈಲಿನಾಗ ಟಿ.ಸಿ. ಹತ್ತಿದರ ಮೊದಲು ಯಾರ ಕಡೆ ನೋಡ್ತಾನ? ಗಂಟು ಹೊತ್ತವರ ಕಡೆ. ಇದು ನಮಗೆಲ್ಲ ಗೊತ್ತಿದ್ದದ್ದೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ರೈಲು ಅಂದ್ರ ಪುಣೆ-ಮಿರಜ-ಲೋಂಡಾ ಹಾದಿ. ಮೂಡಲಗಿ, ಹುಕ್ಕೇರಿ ಊರಾಗ ಟೇಶನ್ನಿಲ್ಲ. ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರಕ್ಕೆ ಹೋಗಿ ಗಾಡಿ ಹಿಡಿಯಬೇಕು. ಈ ಹಾದಿ ಬಂದದ್ದು 1880ರ ದಶಕದಲ್ಲಿ. ಬೆನ್ನಿಗೇ 1890ರ ರೈಲ್ವೆ ಕಾಯ್ದೆ ಬಂತು. ಅದರ ಜಾಗಕ್ಕೆ ಬಂದ 1989ರ ಕಾಯ್ದೆ, ಮೋಸದಿಂದ ಟಿಕೇಟಿಲ್ಲದೆ ಹೋದವನಿಗೆ 6 ತಿಂಗಳವರೆಗೆ ಸೆರೆ ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದಿತು. ಬೇಕಂತಲೇ ರೈಲ್ವೆ ಆಸ್ತಿ ಹಾಳು ಮಾಡಿದರೆ 5 ವರ್ಷದವರೆಗೆ ಸೆರೆ.

ಹಾಳು ಮಾಡಿದವರೆಲ್ಲ ಒಂದೇ ಲೆಕ್ಕಕ್ಕೆ ಬರಲಿಲ್ಲ ಅನ್ರಿ. 1942ರಲ್ಲಿ ತಂತಿ ಕಡಿದವರು, ಟೇಶನ್ನಿಗೆ ಬೆಂಕಿ ಹಚ್ಚಿದವರು ಆಗ ಅಪರಾಧಿಗಳು, 1947ರ ಮೇಲೆ ಸ್ವಾತಂತ್ರ್ಯಯೋಧರು. ಓಡುವ ಗಾಡಿಗೆ ಕಲ್ಲೆಸೆಯುವವರನ್ನು ಮಾತ್ರ ನಾನು ಆ ಸಾಲಿಗೆ ಸೇರಿಸೋದಿಲ್ಲ. ಆ ಕಲ್ಲು ಬೀಳೋದು ಕಿಟಕಿಗೆ ಕೂತ ಕೂಲಿಯವಳ ಕಣ್ಣಿಗೆ.

ಆದರೆ ಗೆಳೆಯರೆ, ಟಿಕೇಟು ತಗೊಂಡವರಿಗೆ ಏನು ಸಿಕ್ಕಿತು?

1901. ಇದೇ ಹಾದಿ, ಮಿರಜದಾಚೆ ಸಾತಾರ ಸೀಮೆಯ ಮಸೂರ ಟೇಶನ್ನು. ಒಂಬತ್ತು ವರ್ಷದ ಭೀಮರಾವ್ ಅಣ್ಣ ಮತ್ತಿತರ ಮಕ್ಕಳೊಂದಿಗೆ ಗಾಡಿ ಇಳಿದ. ಗೋರೆಗಾಂವದಲ್ಲಿದ್ದ ಅಪ್ಪನನ್ನು ಕಾಣಲು ಹೊರಟವರು. ಹೊಸ ಬಟ್ಟೆ, ಕೈಯಲ್ಲಿ ಟಿಕೇಟು. ಸ್ಟೇಶನ್ ಮಾಸ್ತರ ಕೇಳಿದ, ಕೊಟ್ಟರು. ಬ್ರಾಹ್ಮಣರ ಮಕ್ಕಳೆಂದೇ ಅವನು ತಿಳಿದಿದ್ದ. 'ನೀವು ಯಾರ ಪೈಕಿ' ಅಂದಾಗ, ಮಹಾರರು ಎಂದರು. ಮಾಸ್ತರನ ಮುಖ ಬದಲಾಯಿತು, ಹಿಂದೆ ಸರಿದ. ಅಲ್ಲಿದ್ದ ಚಕ್ಕಡಿಯವರು ಯಾರೂ ಹತ್ತಿಸಿಕೊಳ್ಳಲೊಲ್ಲರು. ಕಡೆಗೆ ಆದ ಕರಾರು: ಬಾಡಿಗೆ ಎರಡು ಪಟ್ಟು, ಚಕ್ಕಡಿ ಮಕ್ಕಳೇ ಹೊಡೆಯಬೇಕು, ಒಡೆಯ ಮಗ್ಗುಲಲ್ಲಿ ನಡೆದು ಬರ್ತಾನ. ಬಾಬಾಸಾಹೇಬರು ಇದನ್ನು ತಾವೇ ಬರೆದಿಟ್ಟಿದ್ದಾರೆ. ಟಿಕೇಟಿಲ್ಲದವನಿಗೆ ದಂಡ ಹಾಕುವ ಕಲಮು 1890ರಲ್ಲೇ ಇತ್ತು. ಟಿಕೇಟಿದ್ದ ಮಕ್ಕಳಿಂದ ಎರಡು ಪಟ್ಟು ವಸೂಲಿಯಾದದ್ದಕ್ಕೆ ಯಾವ ಕಲಮು?

ಈಗ ಬೆಂಗಳೂರಿನಲ್ಲಿ ಮೆಟ್ರೊ ಐತಿ; 2016ರಿಂದ ನೆಲದಡಿಯೂ ಓಡತೈತಿ. ಟಿಕೇಟಿಲ್ಲದವನಿಗೆ ಗೇಟು ತೆರೆಯೋದಿಲ್ಲ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಬಟ್ಟೆ ಕಾಣೋದಿಲ್ಲ. ಯಂತ್ರಕ್ಕಿಂತ ಮುಂಚೆ ಮನುಷ್ಯ ನಿಂತಿರ್ತಾನ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದ ತಪಾಸಣೆಯಲ್ಲಿ, ತಲೆ ಮೇಲೆ ಗಂಟು ಹೊತ್ತ ರೈತನೊಬ್ಬನನ್ನು ತಡೆದರು. ಬಟ್ಟೆ ಕೊಳಕಂತೆ. ಅವನ ಕೈಯಲ್ಲಿ ಟಿಕೇಟಿತ್ತು. ಜೊತೆಗಿದ್ದ ಪ್ರಯಾಣಿಕರು ಜಗಳ ತೆಗೆದು ಅವನನ್ನು ಒಳಗೆ ಕರೆದೊಯ್ದರು. ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಮಸೂರದ ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳ ಪರ ಜಗಳ ತೆಗೆಯಲು ಯಾರೂ ಇರಲಿಲ್ಲ.